ತುಂಡು ಮಾಡಿಸಿದ ಟರ್ಕಿ ಕೋಳಿ

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷವಾಯಿತು. ಗಲ್ಫಿನಲ್ಲಿ, ಬಿನ್ ಒಮ್ರಾನ್ ಎಂಬಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ.

ಮಗಳ ಆಫೀಸಿನ ಮ್ಯಾನೇಜರ್ ಅಮೆರಿಕದವರು. ನವೆಂಬರ್ ಕೊನೆಗೆ ಒಂದು ಗುರುವಾರ ಅವರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಪ್ರತಿ ವರ್ಷ ಅವರ ಹೆಂಡತಿ ಟರ್ಕಿ ಕೋಳಿ ಬೇಯಿಸಿ ಆಫೀಸಿನವರನ್ನೆಲ್ಲ ಕರೆದು ಉಣಿಸುತ್ತಿದ್ದರಂತೆ. ಆ ವರ್ಷ ಆಕೆ ತೀರಿಹೋಗಿದ್ದರು. ಆಮೇಲೆ ಆ ಮನುಷ್ಯ ಯಾರ ಮನೆಯಲ್ಲೂ ಊಟಕ್ಕೆ ಕೂತಿರಲಿಲ್ಲ, ಹೋಟೆಲಿಗೆ ಕರೆದರೂ ಒಲ್ಲೆ ಎನ್ನುತ್ತಿದ್ದರು. ಮಗಳು ಹಠ ಹಿಡಿದು ನಮ್ಮ ಮನೆಗೆ ಒಪ್ಪಿಸಿದ್ದಳು. ಬಂದವರು ಉಣ್ಣದೆ ಎದ್ದುಹೋದರೆ ಏನು ಗತಿ ಎಂಬುದೊಂದೇ ಅವಳ ಚಿಂತೆ.

ಹಬ್ಬದ ಹಿಂದಿನ ದಿನ ಕೋಳಿ ತರಲು ಅಳಿಯನ ಜೊತೆ ನಾನೂ ಹೋದೆ. ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಮಾಂಸದ ಕೌಂಟರಿನ ಮಲಯಾಳಿ ಹೇಗೆ ಕಡಿಯಲಿ ಎಂದು ಕೇಳಿದ. ಸುಕ್ಕಕ್ಕೆ ಬೇಕಾದಷ್ಟು ಸಣ್ಣಕ್ಕೆ ಎಂದು ಕೈಯಲ್ಲಿ ತೋರಿಸಿದೆ. ಮರುದಿನ ಮಧ್ಯಾಹ್ನದೊಳಗೆ ಕಾಯಿ ಹುರಿದು, ಮಸಾಲೆ ಅರೆದು, ದೊಡ್ಡ ಪಾತ್ರೆಯಲ್ಲಿ ಸುಕ್ಕ ಮಾಡಿ ಇಳಿಸಿದೆ.

ಮಗಳು ಆಫೀಸಿನಿಂದ ಬಂದು ಮುಚ್ಚಳ ತೆಗೆದವಳು ಅಲ್ಲೇ ನಿಂತಳು.

"ಎಂತ ಮಾಡಿದ್ದು ಅಮ್ಮ ನೀನು? ಇದನ್ನು ಇಡೀ ಬೇಯಿಸಿ ಮೇಜಿನ ಮೇಲೆ ಇಡುವುದು. ಕಡಿಯುವುದು ಅವರೇ."

"ಇಷ್ಟು ದೊಡ್ಡ ಜೀವ ಇಡೀ ಬೇಯಿಸಿದ್ರೆ ಒಳಗೆ ಉಪ್ಪು ಹಿಡಿಲಿಕ್ಕುಂಟಾ?" ಎಂದೆ.

ಅವಳು ಅಂಗಡಿಗಳಿಗೆಲ್ಲ ಫೋನ್ ಮಾಡಿದಳು. ಟರ್ಕಿ ಖಲಾಸ್. ಸಿಕ್ಕಿದ್ದರೂ ಬೇಯಿಸಲು ಹೊತ್ತು ಎಲ್ಲಿತ್ತು? ಹೆಂಡತಿಯ ವಿಷಯ ಮಾತ್ರ ಎತ್ತಬೇಡ ಎಂದು ನನಗೆ ತಾಕೀತು ಮಾಡಿದಳು. ಹಬ್ಬ ಯಾಕೆ ಎಂದು ಕೇಳಿದೆ. ಉಪಕಾರ ನೆನೆಯಲಿಕ್ಕಂತೆ. ಇಷ್ಟು ವರ್ಷ ಇವಳಿಗೆ ಉಣಿಸಿದವರು ಆಕೆ. ಆಕೆಗೇ ಬಡಿಸದೆ ಉಣ್ಣುವುದು ಎಂಥ ನೆನೆಯುವುದು? ನಾನು ಬಾಳೆ ಎಲೆ ತೊಳೆದಿಟ್ಟೆ.

ಅವರು ಬಂದರು. ಉದ್ದದ ಮನುಷ್ಯ, ಅಂಗಿ ಇಸ್ತ್ರಿ ಇಲ್ಲದ್ದು. ಕುರ್ಚಿಯ ತುದಿಯಲ್ಲಿ ಕೂತು, ಹಸಿವಿಲ್ಲ ಎಂದು ಮೊದಲೇ ಹೇಳಿದರು. ಮಗಳ ಮುಖ ಇಳಿಯಿತು. ನಾನು ಆಕೆಗೆಂದು ಬೇರೆಯೇ ಒಂದು ಎಲೆ ಹಾಕಿ ಸುಕ್ಕ, ಅನ್ನ ಬಡಿಸಿ ದೀಪ ಹಚ್ಚಿದೆ.

"ಅವರ ಹೆಂಡತಿಗೆ ಎಂತ ಇಷ್ಟ ಕೇಳು."

"ಅಮ್ಮ, ಸುಮ್ಮನಿರು."

"ಕೇಳು ಅಂದೆ."

ಅವಳು ನೆಲ ನೋಡುತ್ತ ಕೇಳಿದಳು. ಅವರು ಕುರ್ಚಿಯನ್ನು ಎಲೆಯ ಹತ್ತಿರ ಎಳೆದುಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ನನಗೆ ತಿಳಿಸಿದಳು: ಎಲ್ಲರಿಗೂ ಬಡಿಸಿ ಆದ ಮೇಲೆ ಆಕೆ ಅಡುಗೆಮನೆಯಲ್ಲಿ ನಿಂತೇ ಕಪ್ಪು ಕಾಫಿ ಕುಡಿಯುತ್ತಿದ್ದಳಂತೆ, ಸಕ್ಕರೆ ಇಲ್ಲದ್ದು. ಮಾಡಿಕೊಟ್ಟೆ. ಲೋಟವನ್ನು ಅವರೇ ಎಲೆಯ ಪಕ್ಕ ಇಟ್ಟರು.

ಸತ್ತವರು ಉಣ್ಣುವಾಗ ನಮ್ಮಲ್ಲಿ ಯಾರೂ ನೋಡುವುದಿಲ್ಲ. ಎಲ್ಲರನ್ನೂ ಹೊರಡಿಸಿ ಬಾಗಿಲು ಎಳೆದೆ. ಲಿಫ್ಟಿನ ಎದುರು ಸಾಲಾಗಿ ನಿಂತೆವು. ಪಕ್ಕದ ಫ್ಲ್ಯಾಟಿನವರು ಬಂದು ಗ್ಯಾಸ್ ಸೋರಿದೆಯೇ ಎಂದು ವಿಚಾರಿಸಿದರು. ಅಳಿಯ ಮಾಫಿ ಮುಶ್ಕಿಲ್ ಎಂದ, ಏನೂ ತೊಂದರೆ ಇಲ್ಲವೆಂದು. ಆ ಮನುಷ್ಯ ನಕ್ಕರು. ನಗುತ್ತಲೇ ಹೆಂಡತಿಯ ಬಗ್ಗೆ ಹೇಳಲು ಶುರು ಮಾಡಿದರು, ಒಮ್ಮೆ ಕೋಳಿ ಸುಟ್ಟು ಕರಕಲಾದದ್ದನ್ನು. ಒಳಗೆ ಬಂದ ಮೇಲೂ ನಿಲ್ಲಿಸಲಿಲ್ಲ. ಮಾತಾಡುತ್ತಲೇ ಕೂತರು, ಖಾರಕ್ಕೆ ಮೂಗು ಒರೆಸುತ್ತ ಎರಡು ಸಲ ಹಾಕಿಸಿಕೊಂಡರು. ಮಗಳು ಆಮೇಲೆಯೇ ತನ್ನ ತಟ್ಟೆಗೆ ಕೈ ಹಾಕಿದ್ದು.

ಮನೆಯಲ್ಲಿ ಒಬ್ಬರೇ ಏನು ತಿನ್ನುತ್ತೀರಿ ಎಂದು ಮಗಳಿಂದ ಕೇಳಿಸಿದೆ. ಬ್ರೆಡ್ ಎಂದರು.

ಮರುದಿನ ಶುಕ್ರವಾರ, ಅಳಿಯನಿಗೆ ರಜೆ. ಬೆಳಿಗ್ಗೆ ನೀರುದೋಸೆ ಹೊಯ್ದು, ಉಳಿದ ಸುಕ್ಕ ಬಿಸಿ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದೆ. ಮಲಗಿದ್ದ ಅಳಿಯನನ್ನು ಎಬ್ಬಿಸಿ ಲುಸೈಲಿಗೆ, ಆ ಮನುಷ್ಯನ ಮನೆಗೆ ಕಳಿಸಿದೆ, ಡಬ್ಬಿ ಮರೆಯದೆ ವಾಪಸ್ ತಾ ಎಂದೆ.