ಹೊಸ್ತಿಲು ದಾಟದ ಹೇಂಟೆ

ಕೋಳಿಯ ವಿಷಯದಲ್ಲಿ ಕಮಲಾಪುರದ ಪುತಳಾಬಾಯಿಗೆ ಎದುರು ಹೇಳುವವರು ಹುಟ್ಟಿರಲಿಲ್ಲ. ಹುಟ್ಟಿದವರು ಬಾಯಿ ಬಿಡುತ್ತಿರಲಿಲ್ಲ. ಅಪ್ಪನಿಂದ ಬಂದ ಅಸೀಲ್ ಕೋಳಿಗಳನ್ನು ನಲವತ್ತು ವರ್ಷ ಸಾಕಿದವಳು. ಅಪ್ಪನ ಕಟ್ಟಪ್ಪಣೆ ಒಂದೇ: ಹುಂಜ ಯಾರಿಗಾದರೂ ಕೊಡು, ಹೇಂಟೆಯಾಗಲಿ ತತ್ತಿಯಾಗಲಿ ಹೊಸ್ತಿಲು ದಾಟಬಾರದು. ತಳಿ ಮನೆಯಲ್ಲೇ ಉಳಿಯಬೇಕು.

ಕಲಬುರಗಿಯ ಕೋಳಿ ಪ್ರದರ್ಶನಗಳಲ್ಲಿ ಮೊದಲು ಅಸೀಲ್‌ನದೇ ದರ್ಬಾರು. ಆಮೇಲೆ ಕೋಳಿ ಶೋಕಿಯವರ ಕಣ್ಣು ಹತ್ತಿಯಂಥ ಪುಕ್ಕದ ಸಿಲ್ಕಿಯ ಮೇಲೆ ಬಿತ್ತು. ಅದು ಹಳತಾಗುವಷ್ಟರಲ್ಲಿ ಕಾಲಿಗೂ ಗರಿಯಿರುವ ದೈತ್ಯ ಬ್ರಾಹ್ಮಾ ಬಂತು. ಪುತಳಾಬಾಯಿಯಿಂದ ಹುಂಜ ಒಯ್ದವರೂ ಗಾತ್ರದ ಆಸೆಗೆ ಅದರೊಡನೆ ತಳಿ ಬೆರೆಸಿದರು.

“ಪಜಾಮಾ ಹಾಕ್ಕೊಂಡ ಕೋಳಿ ಎಷ್ಟ್ ದಿನ ಕುಣಿತದ, ನೋಡೂಣು,” ಎಂದು ಆಕೆ ನಕ್ಕಳು.

ನಗಲಾರದ್ದು ಮನೆಯಲ್ಲೇ ನಡೆಯಿತು. ಸೊಸೆ ರಾಜೇಶ್ರೀ ತನ್ನ ಗೆಳತಿ, ಸ್ಟೇಶನ್ ಬಜಾರದ ಜೀನತ್‌ಗೆ ಮರಿ ಮಾಡಿಸಲು ಎಂಟು ತತ್ತಿ ಕೊಟ್ಟುಬಿಟ್ಟಳು. ಅಂದಿನಿಂದ ಪುತಳಾಬಾಯಿ ಸೊಸೆಯ ರೊಟ್ಟಿ ಮುಟ್ಟಲಿಲ್ಲ, ತಾನೇ ಬಡಿದುಕೊಂಡು ಉಂಡಳು.

ಎರಡು ವರ್ಷದ ಮೇಲೆ ಕೋಳಿಗಳಿಗೆ ಕೊಕ್ಕರೆ ರೋಗ ಬಂದು ಅಂಗಳ ಬರಿದಾಯಿತು. ಉಳಿದದ್ದು ಎರಡು ಹೇಂಟೆ. ಹುಂಜ ಒಂದೂ ಇಲ್ಲ. ಬೆರಕೆಯಿಲ್ಲದ ಹುಂಜ ಸಿಗದಿದ್ದರೆ ಅಪ್ಪನ ತಳಿ ಇವೆರಡರೊಂದಿಗೆ ಮುಗಿದಂತೆ. ಅದೇ ಚಳಿಗಾಲ ಶೋಕಿಯವರ ಗಾಳಿ ತಿರುಗಿ, ಪ್ರದರ್ಶನದಲ್ಲಿ ಮತ್ತೆ ಅಸೀಲ್‌ಗೆಂದು ಒಂದು ಸಾಲು ಪಂಜರ ಮೀಸಲಿಟ್ಟರು.

“ನನ್ ಹುಂಜ ಅಲ್ಲೇ ಎಲ್ಲ್ಯಾರ ಇರ್ತದ,” ಎಂದು ಆಕೆ ಹೋಲಿಸಿ ನೋಡಲು ಒಂದು ಹೇಂಟೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಕಲಬುರಗಿಯ ಬಸ್ಸು ಹತ್ತಿದಳು.

ಪ್ರದರ್ಶನದಲ್ಲಿ ಒಂದೊಂದೇ ಪಂಜರ ತೆಗೆಸಿ, ಹುಂಜದ ಕಾಲ ಮೇಲೆ ಹೆಬ್ಬೆರಳು ಎಳೆದು ನೋಡಿದಳು. ಬ್ರಾಹ್ಮಾ ಬೆರೆತಿದ್ದರೆ, ಅದನ್ನು ಮುಚ್ಚಲು ಕಾಲಿನ ಗರಿ ಕಿತ್ತರೂ ಬುಡ ಒರಟಾಗಿ ತಗಲುತ್ತದೆ.

“ಇದಕ್ಕ ಇವತ್ತೇ ಹಜಾಮತಿ ಆಗ್ಯಾದ,” ಎಂದು ಹದಿನೇಳು ಹುಂಜಗಳನ್ನು ತಳ್ಳಿಹಾಕಿದಳು.

ಹದಿನೆಂಟನೆಯದರಲ್ಲಿ ಬೆರಳಿಗೆ ಏನೂ ತಗಲಲಿಲ್ಲ. ಮುತ್ತಿನ ಬಣ್ಣದ ಕಣ್ಣು, ಸೆಟೆದು ನಿಂತ ಎದೆ. ಅಪ್ಪನ ಅಂಗಳದ ಹುಂಜವೇ ಸರಿ.

“ಯಾರದಿದು?”

“ನಂದೇ ರೀ ಅವ್ವಾ,” ಎಂದು ಜೀನತ್ ಅಳುಕುತ್ತ ಮುಂದೆ ಬಂದಳು. “ನಿಮ್ಮ ಎಂಟು ತತ್ತ್ಯಾಗ ಎರಡೇ ಉಳದ್ವು, ಎರಡೂ ಹುಂಜ. ಇನ್ನೊಂದು ಮನ್ಯಾಗದ. ಇದನ್ನ ನೀವು ಒಯ್ರಿ. ನನ್ ಹತ್ರ ಇಟ್ಕೊಂಡು ಏನ್ ಮಾಡ್ಲಿ? ಹ್ಯಾಂಟಿ ಯಾರೂ ಕೊಡಂಗಿಲ್ಲ.”

ಕೊಡಬಾರದೆಂದು ಊರಿಗೆಲ್ಲ ಪಾಠ ಹೇಳಿದವಳು ತಾನೇ. ಸೊಸೆ ಆ ಪಾಠ ಕೇಳಿದ್ದರೆ ಇವತ್ತು ಈ ಹುಂಜವಿರುತ್ತಿರಲಿಲ್ಲ. ಪುತಳಾಬಾಯಿಗೆ ನಾಚಿಕೆಯಾಯಿತು. ಬುಟ್ಟಿಯನ್ನು ಜೀನತ್‌ಳ ಕೈಗಿಟ್ಟಳು.

“ಈ ಹ್ಯಾಂಟಿ ನಿನ್ನಲ್ಲಿರ್ಲಿ. ಮತ್ತ ರೋಗ ಬಂದ್ರ ಒಂದು ಮನ್ಯಾಗರ ಉಳಿತದ.”

ಹುಂಜವನ್ನು ಬಗಲಿಗೆ ಹಾಕಿಕೊಂಡು ಹೊರಟವಳನ್ನು ಜೀನತ್ ತಡೆದಳು. “ಬಹುಮಾನ ಇನ್ನಾ ಹೇಳಿಲ್ಲ ರೀ.”

“ನಾ ಹೇಳೀನಲ್ಲ,” ಎಂದಳು ಪುತಳಾಬಾಯಿ.

ಕಮಲಾಪುರದ ಅಂಗಳದಲ್ಲಿ ಹುಂಜ ಇಳಿದದ್ದನ್ನು ಕಂಡು ರಾಜೇಶ್ರೀ ಅದರ ಮುಂದೆ ಒಂದು ಹಿಡಿ ಜೋಳ ಚೆಲ್ಲಿದಳು. ಅತ್ತೆ ಕೈಕಾಲು ತೊಳೆದು ಒಲೆಯ ಮುಂದೆ ಬಂದು ಕುಳಿತಳು.

“ರೊಟ್ಟಿ ಹಾಕು,” ಎಂದಳು. “ಮರಿ ಆದ್ಮ್ಯಾಲ ಹ್ಯಾಂಟಿ ಯಾರ್‍ಯಾರಿಗಿ ಕೊಡಬೇಕು, ನೀನೇ ಹೇಳು.”