ವಿಮರ್ಶಕರು ಮೆಚ್ಚಿದ ಸುಳ್ಳು

ಲಿಫ್ಟ್ ಕೆಟ್ಟು ಒಳಗೆ ಜನ ಸಿಕ್ಕಿಕೊಂಡಾಗ ರಿಪೇರಿಗೆ ಹೋದವನು ಬಾಯಿ ಮುಚ್ಚಬಾರದು. ಸ್ಪ್ಯಾನರ್ ತಿರುಗಿಸುತ್ತಲೇ ಏನಾದರೊಂದು ಹರಟುತ್ತಿರಬೇಕು. ಹೊರಗಿನ ದನಿ ನಿಂತರೆ ಒಳಗಿನವರಿಗೆ ಜೀವ ಬಾಯಿಗೆ ಬರುತ್ತದೆ. ಈ ಕಸುಬಿನಲ್ಲೇ ತಲೆ ಹಣ್ಣಾದ ಮೆಕ್ಯಾನಿಕ್‌ಗೆ ಓಣಿಯವರು ಇಟ್ಟ ಹೆಸರು ರೇಡಿಯೋ.

ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಬಿದ್ದ ತುಂಬು ಗರ್ಭಿಣಿಯನ್ನು ಅವನು ಹೀಗೆ ತನ್ನ ಅತ್ತೆಯ ಗೊರಕೆಯ ಕಥೆ ಹೇಳುತ್ತಲೇ ಹೊರತಂದ. ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಸಿನಿಮಾ ಮಾಡಲು ಹೊರಟ ನಿರ್ದೇಶಕ ಮನೆಗೇ ಬಂದು ಎದುರು ಕೂತ. ಆಸಾಮಿ ಮಹಾಮೌನಿ. ಎದುರಿಗಿದ್ದವರು ಸುಮ್ಮನಾದರೆ ರೇಡಿಯೋಗೆ ಕೈಕಾಲು ಆಡುವುದಿಲ್ಲ. ನಡೆದದ್ದನ್ನೆಲ್ಲ ಹೇಳಿ ಮುಗಿಸಿದ. ನಿರ್ದೇಶಕ ಇನ್ನೂ ಸುಮ್ಮನೇ ಕೂತಿದ್ದ. ಆಗ ನಡೆಯದೇ ಇದ್ದದ್ದನ್ನೂ ಹೇಳಿದ: ಅದೇ ದಿನ ಬೆಳಿಗ್ಗೆ ಹೆಂಡತಿ ತನ್ನನ್ನು ಬಿಟ್ಟುಹೋಗಿದ್ದಳು. ಹೆಂಡತಿ ಆ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದನ್ನು ಕಾಯುತ್ತಿದ್ದಳು.

ನಿಜ ಘಟನೆ ಆಧಾರಿತ ಎಂಬ ಸಾಲಿನೊಂದಿಗೆ ಸಿನಿಮಾ ಬಿಡುಗಡೆಯಾಯಿತು. ವಿಮರ್ಶಕರು ಲಿಫ್ಟಿನ ದೃಶ್ಯವನ್ನು ನಂಬಲಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಅತ್ತೆಯ ಗೊರಕೆಯ ಕಥೆ ಯಾರು ಹೇಳುತ್ತಾರೆ, ತೀರಾ ಸಿನಿಮೀಯ ಎಂದರು. ಹೆಂಡತಿ ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟುವ ದೃಶ್ಯಕ್ಕೆ ಮಾತ್ರ ಒಕ್ಕೊರಲಿನ ಹೊಗಳಿಕೆ. ಬದುಕಿನಿಂದ ನೇರ ಎತ್ತಿದ್ದು, ಯಾರ ಕಲ್ಪನೆಗೂ ದಕ್ಕುವಂಥದ್ದಲ್ಲ ಎಂದು ಒಬ್ಬರು ಬರೆದರು.

ತರಕಾರಿಯವಳು "ವಾಪಸ್ ಯಾವಾಗ ಬಂದ್ರಿ ಅಕ್ಕಾ?" ಎಂದು ಕೇಳಿದ ದಿನ ಹೆಂಡತಿ ನಿಜವಾಗಿಯೇ ಪೆಟ್ಟಿಗೆ ಕಟ್ಟಿಕೊಂಡು ಅಣ್ಣನ ಮನೆಗೆ ಹೊರಟುಹೋದಳು.

ಕರೆಯಲು ಹೋದವನಿಗೆ ಭಾವ ಟೀ ಕೊಟ್ಟರು, ಬೆಂಬಲ ಕೊಡಲಿಲ್ಲ. ಆ ಸಿನಿಮಾ ಓಡುತ್ತಿರುವ ಥಿಯೇಟರಿಗೆ ತನ್ನನ್ನು ಕರೆದೊಯ್ಯಬೇಕು, ಪೆಟ್ಟಿಗೆಯ ದೃಶ್ಯ ಬಂದಾಗ ಎದ್ದು ನಿಲ್ಲಬೇಕು ಎಂದಳು ಹೆಂಡತಿ. "ಊರೆಲ್ಲಾ ನೋಡೋ ಹಾಗೆ ಸುಳ್ಳು ಹೇಳಿದ್ರಿ. ಊರೆಲ್ಲಾ ಕೇಳೋ ಹಾಗೆ ನಿಜ ಹೇಳಿ, ಬರ್ತೀನಿ."

ಭಾನುವಾರದ ಆಟಕ್ಕೆ ಥಿಯೇಟರ್ ಕಿಕ್ಕಿರಿದಿತ್ತು. ತೆರೆಯ ಮೇಲಿನ ಹೆಂಡತಿ ಪೆಟ್ಟಿಗೆ ಎತ್ತಿದಳು. ರೇಡಿಯೋ ಎದ್ದು ನಿಂತ.

"ಇದು ಸುಳ್ಳು ಕಣ್ರೀ. ನನ್ನ ಹೆಂಡ್ತಿ ಎಲ್ಲೂ ಹೋಗಿರ್ಲಿಲ್ಲ."

"ಕೂತ್ಕೊಳ್ಳಪ್ಪಾ," ಎಂದರು ಹಿಂದಿನ ಸಾಲಿನವರು. "ನಿಜವಾಗಿ ನಡೆದಿರೋದು. ನೋಡೋಕೆ ಬಿಡು."

ಅವನು ಕೂರಲಿಲ್ಲ. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅವನ ಅಂಗಿ ಹಿಡಿದೆಳೆದಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಸುಮ್ನೆ ಕೂತ್ಕೊಳ್ಳೀಂದ್ರೆ. ಪಾಪ, ಅವಳೇನೋ ಹೇಳ್ತಿದ್ದಾಳೆ."

ಆ ಸಂಜೆ ಅವಳು ಅವನ ಜೊತೆಯೇ ಮನೆಗೆ ಬಂದಳು. ದಾರಿಯುದ್ದಕ್ಕೂ ಸಿನಿಮಾದ ಗಂಡನಿಗೆ ಹಿಡಿಶಾಪ ಹಾಕುತ್ತಿದ್ದಳು, ಅಂಥ ಹೆಣ್ಣನ್ನು ಬಾಳಿಸಲಾರದೆ ಹೋದನಲ್ಲ ಎಂದು.