ಒಲೆಯ ಗೋಡೆ ಒದ್ದೆಯಾದದ್ದೇಕೆ

ಚೈತ್ರಾ, ಮನು, ಮೊನ್ನೆ ನಿಮ್ಮಜ್ಜಿಯಾದ ನಾನು ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಂಗಳ ಊರಿನ ನಮ್ಮ ಮನೆಯ ಹೆಂಚಿನ ಮೇಲೆ ಹತ್ತಿಬಿಟ್ಟೆ!

ಒಲೆಯ ಹಿಂದಿನ ಮಣ್ಣಿನ ಗೋಡೆ ಒದ್ದೆಯಾಗಿ, ಕೈಯಿಟ್ಟರೆ ಉದುರುತ್ತಿತ್ತು. ತೆರಕಣಾಂಬಿಯ ಗಾರೆ ಕೆಲಸದ ಸಿದ್ದಪ್ಪ ಬಂದು ಮುಟ್ಟಿ ನೋಡಿ, ಗೋಡೆ, ಒಲೆ ಎರಡನ್ನೂ ನಾಳೆಯೇ ಕೆಡವಬೇಕು ಎಂದ. ನಾನು ಮದುವೆಯಾಗಿ ಬಂದ ದಿನ ಹಾಲುಕ್ಕಿಸಿದ ಒಲೆ ಅದು. ಮೊದಲು ಮೇಲೆ ಹತ್ತಿ ಹೊಗೆಗೂಡು ನೋಡಪ್ಪ ಎಂದು ಮೆಲ್ಲಗೆ ಕೇಳಿದೆ. ಅವನು ಹೊಟ್ಟೆ ತಟ್ಟಿಕೊಂಡು, "ನಾನತ್ತುದ್ರೆ ಒಂದೆಂಚೂ ಉಳಿಯಾಕಿಲ್ಲ ಕಣವ್ವ" ಎಂದ. ಗಂಡಸರೆದುರು ದನಿಯೆತ್ತದ ನಾನೇ ಏಣಿ ಹತ್ತಿದೆ.

ಹೊಗೆಗೂಡಿನ ಬಾಯಲ್ಲಿ ಬಿಂದಿಗೆಯಷ್ಟು ದಪ್ಪದ ಕುಂಬಳಕಾಯಿ ಕೂತಿತ್ತು! ಹಿತ್ತಲಿನ ಬಳ್ಳಿಯನ್ನು ಸೂರಿಗೆ ಹಬ್ಬಿಸಿದವಳು ನಾನೇ. ಗ್ಯಾಸ್ ಬಂದ ಮೇಲೆ ಒಲೆ ಹಚ್ಚುವುದು ಹಬ್ಬಕ್ಕೆ ಮಾತ್ರ, ಹಾಗಾಗಿ ಹೊಗೆಯೂ ಸುಳಿವು ಕೊಡಲಿಲ್ಲ. ಕಾಯಿ ದಪ್ಪವಾದಂತೆ ಗೂಡಿನ ಮುಚ್ಚಳದ ಹೆಂಚು ಸರಿದು, ಮಳೆನೀರೆಲ್ಲ ಗೋಡೆಗೆ ಇಳಿದಿತ್ತು.

"ಕುಂಬಳಕಾಯಿ ಕಣಪ್ಪೋ!" ಎಂದು ಕೂಗಿದೆ.

"ಅಂಗಾದ್ರೆ ಗ್ವಾಡೆ ಕೆಡವಾದು ಬ್ಯಾಡ ಬುಡವ್ವ, ಸಾರು ಮಾಡ್ಬುಡು!" ಎಂದ ಸಿದ್ದಪ್ಪ. ನಗು ಉಕ್ಕಿ ಬಂದು, ಅಲ್ಲೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟೆ. ಬೀದಿಯ ಜನ ತಲೆಯೆತ್ತಿ ನೋಡಿದರು. ನಾಚಿಕೆಯೇ ಆಗಲಿಲ್ಲ.

ಗೋಡೆ ಈಗ ಒಣಗುತ್ತಿದೆ, ನನ್ನ ನಗು ಮಾತ್ರ ಇನ್ನೂ ನಿಂತಿಲ್ಲ. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ತನ್ನ ಅವ್ವ ಊರಿಗೆಲ್ಲ ಕೇಳುವಂತೆ ನಕ್ಕಳು ಎಂದರೆ ನಿಮ್ಮಪ್ಪ ಬಾಯಿಮಾತಿಗೆ ನಂಬುವವನಲ್ಲ.